ಹಳೆಯ ವೀಣೆಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ನಾವು ಬಹಳ ಸಡಿಲವಾಗಿ ಬಳಸುತ್ತಲಿದ್ದೇವೆ. ಗುಡಿಯ ಗೋಡೆಗೆ ಬಣ್ಣ ಬಳಿದರೆ ಅದೂ ಜೀರ್ಣೋದ್ಧಾರ. ಕಲ್ಲುಕಂಬವನ್ನು ಕೆಡವಿ ಸಿಮೆಂಟಿನ ಕಂಬವನ್ನು ನಿಲ್ಲಿಸಿದರೆ ಅದೂ ಜೀರ್ಣೋದ್ಧಾರ. ಶಬ್ದದ ಅರ್ಥವನ್ನು ನೋಡಿದರೆ, ಜೀರ್ಣವಾದುದನ್ನು ಮೇಲಕ್ಕೆತ್ತುವುದೇ ಉದ್ಧಾರ. ಎತ್ತತಕ್ಕ ವಸ್ತುವೇ ಎತ್ತುವವನ ಕೈಯಲ್ಲಿ ಇಲ್ಲವಾಗಿ ಹೋದರೆ ಅದು ನವನಿರ್ಮಾಣವೇ ಹೊರತು ಉದ್ಧಾರವಲ್ಲ. ದೇವಾಲಯಗಳ ಮಾತು ದೊಡ್ಡವರಿಗಿರಲಿ. ಅಟ್ಟದ ಮೇಲಿನ ಹಳೆಯ ಸಾಮಾನುಗಳ ವಿಷಯದಲ್ಲಿ ಗೃಹಸ್ಥರಾದ ನಮಗೆಲ್ಲರಿಗೂ ಈ ವಿವೇಚನೆಯು ಬೇಕಾಗುತ್ತದೆ. ಈ ತಿಂಗಳು ಒಂದು ವೀಣೆಯ ನಿಮಿತ್ತದಿಂದ ಅದನ್ನು ವಿಚಾರ ಮಾಡೋಣ.

ನಮ್ಮ ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ, ಕೆಳಗೆ ಅಂಗಡಿ ಮೇಲೆ ವಾಸ ಎಂಬ ಹಳೆಯ ಕ್ರಮದ ಮನೆಯೊಂದುಂಟು. ಆ ಮನೆಯ ಅಜ್ಜಿಯವರು ನುಡಿಸುತ್ತಿದ್ದ ವೀಣೆಯನ್ನು ಅವರ ಮಗ ೧೯೭೮ರ ಸುಮಾರಿನಲ್ಲಿ ಕೈಗೆತ್ತಿಕೊಂಡು, ಅಂಗಡಿಯ ವ್ಯಾಪಾರ ಕುಂದಿದ ವರ್ಷಗಳಲ್ಲಿ ಮದುವೆಯ ಚಪ್ಪರಗಳಲ್ಲಿಯೂ ಗಣಪತಿಯ ಪೆಂಡಾಲುಗಳಲ್ಲಿಯೂ ನುಡಿಸಿ ಸಂಸಾರವನ್ನು ಸಾಗಿಸಿದರು. ವೀಣೆಯ ದನಿಯಾದರೋ ಮೃದು. ಪಂಕ್ತಿಯ ಗದ್ದಲ, ಮಕ್ಕಳ ಅಳು, ಬೀದಿಯ ಮೋಟಾರುಗಳ ಸದ್ದು ಇವುಗಳ ನಡುವೆ ಅದನ್ನು ಕೇಳುವವರು ಯಾರು? ಆದುದರಿಂದ ಅವರು ವೀಣೆಯ ಕೊಡದ ಮೇಲೆ ಕಾಂಟ್ಯಾಕ್ಟ್ ಮೈಕನ್ನು ಅಂಟಿಸಿ, ಅದರ ತಂತಿಯನ್ನು ಸಿಕ್ಕಿಸುವುದಕ್ಕಾಗಿ ಕೊಡದ ಪಕ್ಕದಲ್ಲಿ ರಂಧ್ರ ಕೊರೆಯಿಸಿ ಸಾಕೆಟ್ಟನ್ನು ಕೂರಿಸಿದರು. ಮರದ ಬಿರಡೆಗಳು ಸಭೆಯ ನಡುವೆ ಜಾರುತ್ತಿದ್ದುದರಿಂದ ಅವುಗಳನ್ನು ತೆಗೆಯಿಸಿ ಗಿಟಾರಿನ ಹಲ್ಲುಚಕ್ರದ ಕೀಲಿಗಳನ್ನು ಹಾಕಿಸಿದರು. ಬಸ್ಸಿನ ಪ್ರಯಾಣದಲ್ಲಿ ಒಡೆದ ಸೋರೆಬುರುಡೆಯ ಸ್ಥಾನಕ್ಕೆ ಫೈಬರಿನ ಬುರುಡೆ ಬಂದಿತು. ಕಡೆಗೆ, ದೀಪದ ಬೆಳಕಿನಲ್ಲಿ ಹೊಳೆಯಲೆಂದು ಹಳೆಯ ಮೆರುಗಿನ ಮೇಲೆ ಕೆಂಪು ಬಣ್ಣವೂ ಬಿದ್ದಿತು.

ಈಗ ಅವರ ಮಗಳು ವೀಣೆಯನ್ನು ಅಭ್ಯಾಸ ಮಾಡುತ್ತಿದ್ದಾಳೆ. ವಾದ್ಯವು ಅಜ್ಜಿಯ ಕಾಲದಲ್ಲಿದ್ದಂತೆ ಆಗಬೇಕೆಂಬುದು ಆಕೆಯ ಆಸೆ. ತಂದೆಯವರಿಗೆ ಅದು ಸಮ್ಮತವಾಗಲಿಲ್ಲ. “ಮೇಷ್ಟ್ರೇ, ಆ ಮೈಕು ಇಪ್ಪತ್ತು ವರ್ಷ ಈ ಮನೆಗೆ ಅನ್ನ ಹಾಕಿದೆ. ಈಗ ಅದನ್ನು ಕಳಂಕ ಎನ್ನುವ ಹಾಗೆ ಕಿತ್ತು ಹಾಕಬೇಕೇ?” ಎಂದು ಅವರು ನಮ್ಮನ್ನು ಕೇಳಿದರು. ಮಗಳು ತಲೆ ತಗ್ಗಿಸಿ, “ಅಪ್ಪಯ್ಯನ ಮನಸ್ಸಿಗೆ ನೋವು ಮಾಡಿ ನನಗೇನೂ ಬೇಡಿ. ಆದರೆ ಅಜ್ಜಿ ಕೇಳಿದ ನಾದವನ್ನು ಒಂದು ಸಲವಾದರೂ ಕೇಳಬೇಕು” ಎಂದಳು. ಇಬ್ಬರ ಮಾತಿನಲ್ಲಿಯೂ ನ್ಯಾಯವುಂಟು. ನ್ಯಾಯವು ಎರಡೂ ಕಡೆ ಇದ್ದಾಗ ಆತುರದ ತೀರ್ಮಾನವು ಕೂಡದು.

ಮೊದಲು ಕೇಳಬೇಕಾದ ಪ್ರಶ್ನೆ, ಮೂಲರೂಪವೆಂದರೆ ಯಾವುದು ಎಂಬುದು. ವೀಣೆಯ ಚರಿತ್ರೆಯನ್ನು ಬಲ್ಲವರಿಗೆ ಇದು ಸುಲಭದ ಪ್ರಶ್ನೆಯಲ್ಲ. ವಿಜಯನಗರದಲ್ಲಿ ರಾಮಾಮಾತ್ಯನು ೧೫೫೦ರಲ್ಲಿ ಸ್ವರಮೇಳಕಲಾನಿಧಿಯನ್ನು ರಚಿಸಿದಾಗ, ವೀಣೆಗಳ ಮೇಳಕ್ರಮವು ಒಂದೇ ಆಗಿರಲಿಲ್ಲ. ಆತನು ಅವುಗಳ ಭೇದಗಳನ್ನು ವಿಂಗಡಿಸಿ ಹೇಳಿದ್ದಾನೆ. ನಾವು ಇಂದು ಕಾಣುವ, ಇಪ್ಪತ್ತನಾಲ್ಕು ಮೆಟ್ಟಿಲುಗಳು ಮೇಣದಲ್ಲಿ ಸ್ಥಿರವಾಗಿ ನಿಂತಿರುವ ವೀಣೆಯನ್ನು, ಮುಂದೆ ಹದಿನೇಳನೆಯ ಶತಮಾನದ ಆದಿಯಲ್ಲಿ ತಂಜಾವೂರನ್ನಾಳಿದ ರಘುನಾಥ ನಾಯಕನ ಹೆಸರಿನೊಂದಿಗೆ ಸಂಪ್ರದಾಯವು ಸೇರಿಸುತ್ತದೆ. ಹಾಗಾದರೆ ಸ್ಥಿರವಾದ ಮೆಟ್ಟಿಲುಗಳೂ ಒಂದು ಕಾಲದ ಮಾರ್ಪಾಡೇ ಅಲ್ಲವೆ? ಹೀಗೆ ಹಿಂದು ಹಿಂದಕ್ಕೆ ಹೋಗುತ್ತಿದ್ದರೆ ನಿಲುಗಡೆಯೇ ಇರುವುದಿಲ್ಲ. ತರ್ಕಶಾಸ್ತ್ರದಲ್ಲಿ ಇದನ್ನು ಅನವಸ್ಥಾದೋಷವೆನ್ನುತ್ತಾರೆ. ಆದುದರಿಂದ ವೀಣೆಯೆಂಬ ಜಾತಿಯ ಮೂಲವನ್ನು ಹುಡುಕಬೇಕಾಗಿಲ್ಲ. ಈ ಒಂದು ವೀಣೆಯ ಮೂಲವನ್ನು ಹುಡುಕಿದರೆ ಸಾಕು. ಮಾಡಿದವನ ಕೈಯಿಂದ ಅದು ಹೇಗೆ ಹೊರಬಿದ್ದಿತು, ಮೊದಲು ನುಡಿಸಿದವರ ಮಡಿಲಲ್ಲಿ ಹೇಗಿದ್ದಿತು, ಇಷ್ಟೇ ಪ್ರಶ್ನೆ.

ಇನ್ನು, ಆ ಗೃಹಸ್ಥರು ಮಾಡಿಸಿದ ಬದಲಾವಣೆಗಳು ಅವಿವೇಕದವೂ ಅಲ್ಲ. ವೀಣೆ ಶೇಷಣ್ಣನವರು (೧೮೫೨–೧೯೨೬) ಮೈಸೂರಿನ ಅರಮನೆಯ ದರ್ಬಾರಿನಲ್ಲಿಯೂ ರಸಿಕರ ಮನೆಯ ತೊಟ್ಟಿಯಲ್ಲಿಯೂ ನುಡಿಸಿದ ಕಾಲದಲ್ಲಿ ಕೇಳುವವರು ಹತ್ತಿರದಲ್ಲಿರುತ್ತಿದ್ದರು, ಮೌನವಾಗಿರುತ್ತಿದ್ದರು. ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಮೇಲೆ, ವೀಣೆಯ ಸೂಕ್ಷ್ಮ ಗಮಕವು ಧ್ವನಿಗ್ರಾಹಕದ ಮೂಲಕ ಕಾಣದ ಊರುಗಳಿಗೂ ತಲಪುವಂತಾಯಿತು. ಸಭೆಗಳು ದೊಡ್ಡವಾದಂತೆ ಧ್ವನಿವರ್ಧಕವಿಲ್ಲದೆ ಕಚೇರಿಯೇ ಇಲ್ಲವೆಂಬ ಸ್ಥಿತಿಯೂ ಬಂದಿತು. ಕೇಳುವ ಸಭೆಯು ಬದಲಾಗಲು, ವಾದ್ಯವೂ ಬದಲಾಗುವ ಒತ್ತಡಕ್ಕೆ ಸಿಕ್ಕಿತು.

ವಾದ್ಯವನ್ನು ಮಾರ್ಪಡಿಸಿ, ಬಳಿಕ ಮೂಲಕ್ಕೆ ತರುವ ವಿಷಯದಲ್ಲಿ ಲೋಕಕ್ಕೆ ಹೆಚ್ಚಿನ ಅನುಭವವನ್ನು ಕೊಟ್ಟಿರುವ ವಾದ್ಯವು ಅಮೆರಿಕದ ಎಲೆಕ್ಟ್ರಿಕ್ ಗಿಟಾರು. ನಮ್ಮ ವೀಣೆಗೆ ಬಂದ ಕೀಲಿಗಳೂ ಆ ಜಾತಿಯವೇ ಆದುದರಿಂದ ಅದರ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬಹುದು. ರಿಕೆನ್‌ಬ್ಯಾಕರ್ ಸಂಸ್ಥೆಯವರು ೧೯೩೨ರಲ್ಲಿ ಇಂಥ ಗಿಟಾರನ್ನು ಮಾರಾಟಕ್ಕೆ ತಂದರು. ತಂತಿಗಳ ಕೆಳಗೆ ಅಯಸ್ಕಾಂತವನ್ನೂ ಅದರ ಸುತ್ತ ಸಣ್ಣ ತಾಮ್ರದ ತಂತಿಯ ಸುರುಳಿಯನ್ನೂ ಇಟ್ಟಿರುತ್ತಾರೆ. ಉಕ್ಕಿನ ತಂತಿ ಮಿಡಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ಧ್ವನಿವರ್ಧಕಕ್ಕೆ ಹೋಗುವುದು. ಇದಕ್ಕೆ ಪಿಕಪ್ಪು ಎಂದು ಹೆಸರು. ಅಯಸ್ಕಾಂತದ ಪಿಕಪ್ಪಿಗೆ ಉಕ್ಕಿನ ಮಿಡಿತವಷ್ಟೆ ತಿಳಿಯುವುದು. ಬರಿಯ ಹಿತ್ತಾಳೆಯ ತಂತಿಗೆ ಅದು ಕಿವುಡು. ಹಳೆಯ ಕ್ರಮದ ವೀಣೆಯಲ್ಲಿ ಸಾರಣಿ ಮತ್ತು ಪಂಚಮದ ತಂತಿಗಳು ಉಕ್ಕಿನವು, ಮಂದ್ರ ಮತ್ತು ಅನುಮಂದ್ರದವು ಹಿತ್ತಾಳೆ ಅಥವಾ ಕಂಚಿನವು. ಆದುದರಿಂದಲೇ ವೀಣೆಗೆ ಮರದ ಕಂಪನವನ್ನೇ ಗ್ರಹಿಸುವ ಕಾಂಟ್ಯಾಕ್ಟ್ ಮೈಕು ಹೆಚ್ಚು ಒಗ್ಗಿತು.

ಫೆಂಡರ್ ಸಂಸ್ಥೆಯ ಸ್ಟ್ರಾಟೊಕಾಸ್ಟರ್ ೧೯೫೪ರಲ್ಲಿಯೂ ಗಿಬ್ಸನ್ ಸಂಸ್ಥೆಯ ಲೆಸ್ ಪಾಲ್ ೧೯೫೨ರಲ್ಲಿಯೂ ಹೊರಬಂದುವು. ಎಪ್ಪತ್ತರ ದಶಕಕ್ಕೆ ಬರುವಾಗ ಅವು ಬರಿಯ ಹಳೆಯ ಗಿಟಾರುಗಳು. ಯಾರೂ ಅವುಗಳನ್ನು ಪೂಜ್ಯವೆಂದು ಭಾವಿಸಿರಲಿಲ್ಲ. ವಾದಕರು ಹೊಸ ಪಿಕಪ್ಪು ಹಿಡಿಸಲೆಂದು ಮರವನ್ನು ಕೆತ್ತಿದರು, ಕೀಲಿಗಳನ್ನು ಬದಲಿಸಿದರು, ಬಣ್ಣವನ್ನು ಕೆರೆದು ತೆಗೆದರು. ಇಂದು ಅದೇ ಗಿಟಾರುಗಳು ಅಪೂರ್ವವಾಗಿ, ಮೂಲಸ್ಥಿತಿಗೆ ಭಾರಿ ಬೆಲೆ ಬಂದಿದೆ. ಮರು ಬಣ್ಣ ಬಳಿದ ಹಳೆಯ ಗಿಟಾರಿನ ಬೆಲೆಯು ಸುಮಾರು ಅರ್ಧಕ್ಕೆ ಇಳಿಯುವುದೆಂಬುದು ಅಲ್ಲಿಯ ವ್ಯಾಪಾರಿಗಳ ಸಾಮಾನ್ಯ ಲೆಕ್ಕ. ಹೊಸ ಬಣ್ಣವು ಎಷ್ಟೇ ಅಂದವಾಗಿರಲಿ, ಸವೆದು ಬಿರಿದ ಹಳೆಯ ಬಣ್ಣಕ್ಕೇ ಮರ್ಯಾದೆ ಹೆಚ್ಚು! ಮೂಲವನ್ನು ನಿರ್ಣಯಿಸುವವರು ಅಲ್ಲಿ ಪತ್ತೇದಾರರಂತೆ ಕೆಲಸ ಮಾಡುತ್ತಾರೆ. ಧ್ವನಿಯನ್ನು ಏರಿಳಿಸುವ ಗುಂಡಿಯ ಕೆಳಗಿನ ಸಣ್ಣ ಯಂತ್ರದ ಮೇಲೆ ಅಂಕಿಗಳ ಮುದ್ರೆಯಿರುತ್ತದೆ. ಮೊದಲಿನ ಮೂರು ಅಂಕಿಗಳು ಅದನ್ನು ತಯಾರಿಸಿದವರನ್ನು, ಕಡೆಯವು ವರ್ಷವನ್ನೂ ವಾರವನ್ನೂ ತಿಳಿಸುತ್ತವೆ. ಬೆಸುಗೆಯು ಒಮ್ಮೆ ಕರಗಿದೆಯೋ ಎರಡು ಸಲವೋ, ತಿರುಪಿನ ರಂಧ್ರವೊಂದೋ ಎರಡೋ ಎಂಬುದನ್ನೆಲ್ಲ ನೋಡುತ್ತಾರೆ. ವಸ್ತುವೇ ಅಲ್ಲಿ ಸಾಕ್ಷಿ. ಅದನ್ನು ಉಜ್ಜಿ ತೊಳೆದರೆ ಸಾಕ್ಷಿಯ ಬಾಯಿ ಮುಚ್ಚಿದಂತೆ.

ಆದರೆ ಗಿಟಾರಿಗೂ ವೀಣೆಗೂ ಒಂದು ಭೇದವನ್ನು ಮರೆಯಬಾರದು. ಆ ಗಿಟಾರಿಗೆ ಪಿಕಪ್ಪು ಹುಟ್ಟಿನಿಂದ ಬಂದ ಅಂಗ; ಅದನ್ನು ತೆಗೆದರೆ ಉಳಿಯುವುದು ಮರದ ಹಲಗೆ. ವೀಣೆಗಾದರೋ ಮೈಕು ಅತಿಥಿ. ಒಂದರಲ್ಲಿ ಮೂಲವಾದುದು ಇನ್ನೊಂದರಲ್ಲಿ ಪ್ರಕ್ಷೇಪವಾಗಬಹುದು. ಆದುದರಿಂದ ನಿಯಮವನ್ನು ಕಲಿಯಬೇಕೇ ಹೊರತು ಆಚರಣೆಯನ್ನು ಕುರುಡಾಗಿ ಅನುಸರಿಸಬಾರದು.

ಪ್ರಕ್ಷೇಪವೆಂಬ ಶಬ್ದ ಬಂದುದರಿಂದ ಗ್ರಂಥಗಳ ದೃಷ್ಟಾಂತವನ್ನೂ ಕೊಡುತ್ತೇವೆ. ಪುಣೆಯ ಭಂಡಾರಕರ್ ಸಂಶೋಧನ ಮಂದಿರದವರು ೧೯೧೯ರಲ್ಲಿ ಆರಂಭಿಸಿ ೧೯೬೬ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣವು ಈ ಕೆಲಸಕ್ಕೆ ಮಾದರಿ. ಅನೇಕ ಪ್ರಾಂತಗಳ ಹಸ್ತಪ್ರತಿಗಳನ್ನು ಹೋಲಿಸಿ, ಬಳಿಕ ಸೇರಿದವೆಂದು ಕಂಡ ಶ್ಲೋಕಗಳನ್ನು ಮೂಲಪಾಠದಿಂದ ಬೇರ್ಪಡಿಸಿದರು. ಬೇರ್ಪಡಿಸಿದುದನ್ನು ಬೆಂಕಿಗೆ ಹಾಕಿದರೇನು? ಇಲ್ಲ, ಅಡಿಟಿಪ್ಪಣಿಯಲ್ಲಿಯೂ ಅನುಬಂಧದಲ್ಲಿಯೂ ಅಚ್ಚುಹಾಕಿಸಿ ಉಳಿಸಿದರು. ಆ ಶ್ಲೋಕಗಳನ್ನು ತಲೆತಲಾಂತರಗಳಿಂದ ಭಕ್ತಿಯಿಂದ ಪಠಿಸಿದವರಿದ್ದಾರೆ. ಅವೂ ಗ್ರಂಥದ ಬಾಳಿನ ಭಾಗವೇ. ಇನ್ನೊಂದು ದೃಷ್ಟಾಂತವು ನಮ್ಮ ಜಿಲ್ಲೆಯದೇ. ಬಿ. ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ೧೯೦೨ ಮತ್ತು ೧೯೦೪ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಶಾಸನವನ್ನು ಓದುವ ವಿದ್ವಾಂಸರು ಅಕ್ಷರ ಸವೆದ ಎಡೆಯಲ್ಲಿ ಚುಕ್ಕೆಗಳನ್ನಿಡುತ್ತಾರೆ. ಊಹೆಯಿಂದ ತುಂಬಿದರೆ ಅದು ಊಹೆಯೆಂದು ಗುರುತು ಮಾಡುತ್ತಾರೆ. ಉಳಿ ತೆಗೆದುಕೊಂಡು ಕಲ್ಲಿನ ಮೇಲೆಯೇ ಹೊಸ ಅಕ್ಷರ ಕೆತ್ತುವವನು ವಿದ್ವಾಂಸನಲ್ಲ, ವಿಧ್ವಂಸಕ.

ಈ ನ್ಯಾಯವನ್ನು ವೀಣೆಗೆ ಅನ್ವಯಿಸೋಣ. ಹಳೆಯ ವಾದ್ಯದ ಅಂಗಗಳನ್ನೂ ಮಾರ್ಪಾಡುಗಳನ್ನೂ ಮೂರು ವರ್ಗಗಳಾಗಿ ವಿಂಗಡಿಸಿಕೊಳ್ಳತಕ್ಕದ್ದು.

ಮೊದಲನೆಯ ವರ್ಗವು ಸ್ವಭಾವದಿಂದಲೇ ಹೊಸದಾಗಬೇಕಾದುದು: ತಂತಿಗಳು ಮತ್ತು ಮೇಣ. ಜೇನುಮೇಣಕ್ಕೆ ರಾಳವನ್ನೂ ಕಪ್ಪುಮಸಿಯನ್ನೂ ಬೆರೆಸಿ ಕಾಸಿ, ದಂಡಿಯ ಮೇಲಿನ ಎರಡು ಅಂಚುಗಳಲ್ಲಿ ಹಾಕಿ, ಒಂದೊಂದು ಮೆಟ್ಟಿಲನ್ನೂ ಕಿವಿಯ ಪ್ರಮಾಣದಿಂದ ಸ್ಥಾನಕ್ಕೆ ನಿಲ್ಲಿಸುವುದಕ್ಕೆ ಮೇಳ ಕಟ್ಟುವುದೆಂದು ಹೆಸರು. ಬಿಸಿಲಿನ ಝಳಕ್ಕೆ ಮೇಣ ಮೆತ್ತಗಾಗಿ ಮೆಟ್ಟಿಲು ಅಲುಗಿದರೆ ಅಪಸ್ವರ ಬರುತ್ತದೆ. ಕೆಲವು ವರ್ಷಗಳಿಗೊಮ್ಮೆ ಮೇಳವನ್ನು ಹೊಸದಾಗಿ ಕಟ್ಟಿಸಲೇಬೇಕು. ಇದರಲ್ಲಿ ಮೂಲನಾಶವೇನೂ ಇಲ್ಲ. ಹಿತ್ತಾಳೆಯ ಹಳೆಯ ಮೆಟ್ಟಿಲುಗಳನ್ನು ಮಾತ್ರ ಕ್ರಮ ತಪ್ಪದಂತೆ ಎತ್ತಿಟ್ಟುಕೊಂಡು ಅವನ್ನೇ ಮತ್ತೆ ಕೂರಿಸತಕ್ಕದ್ದು.

ಎರಡನೆಯ ವರ್ಗವು ಸೇರಿಸಿದಂತೆಯೇ ತೆಗೆಯಬಹುದಾದುದು: ಮೈಕು, ಸಾಕೆಟ್ಟು, ಕೀಲಿಗಳು, ಫೈಬರಿನ ಬುರುಡೆ. ಇವುಗಳನ್ನು ನಿಧಾನವಾಗಿ ಬಿಡಿಸಬಹುದು. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಬೇಕು. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಅದಕ್ಕೆ ಸಾಧನವಿದೆ.

ಮೂರನೆಯ ವರ್ಗವು ಹಿಂದಿರುಗಲಾರದುದು: ಕೊರೆದ ರಂಧ್ರ, ಕೆರೆದ ಮರ. ಇಲ್ಲಿಯೇ ಎಚ್ಚರವು ಬೇಕಾದುದು. ವೀಣೆಯ ಕೊಡವನ್ನು ಹಲಸಿನ ಮರದಲ್ಲಿ ತೋಡಿರುತ್ತಾರೆ. ಮೈಸೂರಿನ ಕಡೆ ಬೀಟೆಯ ಮರವೂ ಉಂಟು. ಕೊಡ, ದಂಡಿ ಎಲ್ಲವೂ ಒಂದೇ ಮರದ ತುಂಡಿನಲ್ಲಿದ್ದರೆ ಅದು ಏಕಾಂಡ ವೀಣೆ. ಗೋಡೆಯ ದಪ್ಪವನ್ನು ಮಾಡಿದವನು ಬೆರಳಿನಿಂದ ತಟ್ಟಿ ಕೇಳಿ ನಿರ್ಣಯಿಸಿರುತ್ತಾನೆ. ಬಣ್ಣವನ್ನು ತೆಗೆಯುತ್ತೇನೆಂದು ಮರಳುಕಾಗದದಿಂದ ಬಲವಾಗಿ ಉಜ್ಜಿದರೆ ಬಣ್ಣದೊಡನೆ ಮರವೂ ಹೋಗುವುದು, ಮರದೊಡನೆ ನಾದವೂ ಹೋಗುವುದು. ಕುದುರೆಯ ಮೇಲಿರುವ ಲೋಹದ ತಗಡಿನ ಬಾಗು ಕೂಡ ಹಾಗೆಯೇ; ಹೊಳಪು ಬರಲೆಂದು ಅರದಿಂದ ಉಜ್ಜಿದವನು ಗಣಪತಿಯನ್ನು ಮಾಡಹೋಗಿ ಕೋತಿಯನ್ನು ಮಾಡಿದಂತಾದೀತು.

ನಮ್ಮ ಮಿತ್ರರ ವೀಣೆಯಲ್ಲಿ ಮೂಲದ ಸಾಕ್ಷ್ಯವು ಎಷ್ಟು ಉಳಿದಿತ್ತೆಂದು ಹುಡುಕಿದುದು ಒಂದು ಸಂತೋಷದ ಕೆಲಸವಾಯಿತು. ಅಜ್ಜಿಯವರ ಹಿತ್ತಾಳೆಯ ಡಬ್ಬಿಯಲ್ಲಿ, ಹರಿದ ತಂತಿಗಳ ಸುರುಳಿಯೊಡನೆ, ಏಳು ಬಿರಡೆಗಳ ಪೈಕಿ ಐದು ಸಿಕ್ಕಿದುವು. ಮಗನು ತೆಗೆದು ಬಿಸುಟದ್ದನ್ನು ತಾಯಿಯು ಒಂದು ಮಾತನ್ನೂ ಆಡದೆ ಎತ್ತಿಟ್ಟಿದ್ದರು. ಅದನ್ನು ಕಂಡು ಆ ಗೃಹಸ್ಥರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ನಾಗಪಾಶವನ್ನು ಬಿಚ್ಚಿದಾಗ, ಅದರ ಅಡಿಯಲ್ಲಿ ಕೆಂಪು ಬಣ್ಣ ತಾಗದ ಅಂಗೈಯಗಲದ ಎಡೆಯಿದ್ದು, ಅಲ್ಲಿ ಹಳೆಯ ಜೇನುಬಣ್ಣದ ಮೆರುಗು ಹಾಗೆಯೇ ಕಂಡಿತು. ಹಳೆಯ ಮೇಣವನ್ನು ಎತ್ತಿದಾಗ ಮೊದಲ ಮೇಳದ ಸ್ಥಾನಗಳನ್ನು ತೋರಿಸುವ ಸಣ್ಣ ಗೀರುಗಳು ದಂಡಿಯ ಅಂಚಿನಲ್ಲಿದ್ದುವು. ಇದಕ್ಕಿಂತ ಒಳ್ಳೆಯ ದಾಖಲೆ ಬೇಕೆ?

ಹಾಗಿದ್ದರೂ ಎಲ್ಲವನ್ನೂ ಮೂಲದಂತೆ ಮಾಡುವುದು ಸಾಧ್ಯವಲ್ಲ, ಕೆಲವು ಕಡೆ ಧರ್ಮವೂ ಅಲ್ಲ. ಆ ವೀಣೆಯ ಅಂಚಿನ ದಂತದ ಪಟ್ಟಿಯಲ್ಲಿ ಒಂದು ತುಂಡು ಬಿದ್ದುಹೋಗಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೧೯೮೬ರಲ್ಲಿ ತಂದ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರವು ನಿಷಿದ್ಧವಾಯಿತು. ೧೯೯೧ರ ತಿದ್ದುಪಡಿಯು ಆಫ್ರಿಕದ ದಂತವನ್ನೂ ನಿಷೇಧಿಸಿತು. ಮೂಲದ ನೆಪದಿಂದ ಕದ್ದು ದಂತವನ್ನು ಕೊಳ್ಳುವುದು ಸುತರಾಂ ಕೂಡದು. ಬಿದ್ದ ಎಡೆಗೆ ಬಿಳಿಯ ಪ್ಲಾಸ್ಟಿಕ್ಕನ್ನು ಹಾಕಿ, ಹಾಕಿದೆವೆಂದು ಬರೆದಿಟ್ಟರೆ ಅದೇ ಪ್ರಾಮಾಣಿಕತೆ. ಹಳೆಯ ದಂತದ ಕೆಲಸವಿರುವ ವಾದ್ಯವನ್ನು ಮಾರುವ ಅಥವಾ ಸಾಗಿಸುವ ಯೋಚನೆಯುಳ್ಳವರು ಮುಂಚಿತವಾಗಿ ಅರಣ್ಯ ಇಲಾಖೆಯನ್ನು ವಿಚಾರಿಸತಕ್ಕದ್ದು.

ಈ ವಿಚಾರಗಳನ್ನೆಲ್ಲ ಮುಂದಿಟ್ಟುಕೊಂಡು ತಂದೆಯೂ ಮಗಳೂ ಕೂಡಿ ಒಂದು ನಿರ್ಣಯಕ್ಕೆ ಬಂದರು. ವೀಣೆಯು ಮೈಸೂರಿನ ಒಬ್ಬ ಕುಶಲಿಗಳ ಕೈಗೆ ಹೋಗಿ ನಾಲ್ಕು ತಿಂಗಳು ಅಲ್ಲಿದ್ದಿತು. ಐದು ಹಳೆಯ ಬಿರಡೆಗಳು ತಮ್ಮ ಸ್ಥಾನಕ್ಕೆ ಬಂದುವು. ಎರಡನ್ನು ಅದೇ ಮಾದರಿಯಲ್ಲಿ ಹೊಸದಾಗಿ ಕಡೆಯಿಸಿ, ಹೊಸವೆಂದು ತಿಳಿಯುವಂತೆ ತಲೆಯ ಒಳಬದಿಯಲ್ಲಿ ಇಸವಿಯನ್ನು ಕೆತ್ತಿಸಿದರು. ಕೀಲಿಯ ತಿರುಪುಗಳ ರಂಧ್ರಗಳಿಗೂ ಸಾಕೆಟ್ಟಿನ ರಂಧ್ರಕ್ಕೂ ಅದೇ ಜಾತಿಯ ಹಳೆಯ ಮರದ ಬೆಣೆ ಬಿದ್ದಿತು; ಅಂಟು ಬಿಸಿನೀರಿಗೆ ಬಿಡುವ ಹಳೆಯ ಬಗೆಯದು, ಮುಂದಿನವರು ತೆಗೆಯಬೇಕೆಂದರೆ ತೆಗೆಯಬಹುದು. ಬೆಣೆಯ ಗುರುತು ಹತ್ತಿರದಿಂದ ನೋಡಿದರೆ ಕಾಣುತ್ತದೆ. ಕಾಣಲಿ ಎಂದೇ ಬಣ್ಣದಿಂದ ಮರೆಮಾಡಲಿಲ್ಲ. ಕೆಂಪು ಬಣ್ಣವನ್ನು ದ್ರಾವಣದಿಂದ ಮೃದುಗೊಳಿಸಿ ಬಟ್ಟೆಯಿಂದ ಒರಸಿ ತೆಗೆದರು. ದಂಡಿಯ ತಳಭಾಗದಲ್ಲಿ ಒಂದು ಗೇಣಿನಷ್ಟನ್ನು ಮಾತ್ರ ಹಾಗೆಯೇ ಬಿಟ್ಟರು. ಹಾಗೆ ಬಿಡಬೇಕೆಂದು ಕೇಳಿದವಳು ಮಗಳೇ.

ಮೈಕು, ಸಾಕೆಟ್ಟು, ಕೀಲಿಗಳೆಲ್ಲ ಈಗ ಅಜ್ಜಿಯ ಹಿತ್ತಾಳೆಯ ಡಬ್ಬಿಯಲ್ಲಿವೆ. ಅದರೊಳಗಿನ ಚೀಟಿಯನ್ನು ತಂದೆಯವರೇ ತಮ್ಮ ಕೈಯಿಂದ ಬರೆದರು: ಯಾವ ವರ್ಷ ಏನನ್ನು ಹಾಕಿಸಿದ್ದು, ಯಾತಕ್ಕೆ ಹಾಕಿಸಿದ್ದು, ಯಾವಾಗ ತೆಗೆದದ್ದು. ಅದು ಆ ವೀಣೆಯ ಅನುಬಂಧ. ಸಭೆಯಲ್ಲಿ ನುಡಿಸುವ ಸಂದರ್ಭ ಬಂದರೆ, ಮರವನ್ನು ಕೊರೆಯದೆ ಮೆತ್ತನೆಯ ಅಂಟಿನಿಂದ ಮೇಲೆ ಕೂರಿಸಿ ಕಚೇರಿ ಮುಗಿದೊಡನೆ ತೆಗೆಯುವ ಮೈಕುಗಳು ಈಗ ಉಂಟು.

ನಾದವು ಅಜ್ಜಿಯ ಕಾಲದ್ದೇ ಆಯಿತೆ ಎಂದು ವಾಚಕರು ಕೇಳಬಹುದು. ಅದನ್ನು ಯಾರೂ ಪ್ರಮಾಣ ಮಾಡಿ ಹೇಳಲಾರರು. ನಾದವು ಅರ್ಧ ಮರದಲ್ಲಿ, ಅರ್ಧ ಬೆರಳಿನಲ್ಲಿ. ಮರವನ್ನು ಉದ್ಧರಿಸಬಹುದು, ಬೆರಳನ್ನು ಅಭ್ಯಾಸದಿಂದಲೇ ಪಡೆಯಬೇಕು. ತಂದೆಯವರು ಮಾತ್ರ ಒಂದು ಮಾತನ್ನು ಹೇಳಿದರು: “ದನಿ ಸಣ್ಣದಾಯಿತು ಮೇಷ್ಟ್ರೇ. ಆದರೆ ಕೇಳೋದಕ್ಕೆ ಹತ್ತಿರ ಬಂದು ಕೂರಬೇಕು ಅನ್ನಿಸುತ್ತೆ.”

ಗೃಹಸ್ಥರಿಗೆ ನಮ್ಮ ಸೂಚನೆ ಇಷ್ಟು. ಹಳೆಯ ವಾದ್ಯವಾಗಲಿ ತೊಟ್ಟಿಲಾಗಲಿ ಗಡಿಯಾರವಾಗಲಿ, ಮೂಲಕ್ಕೆ ತರುವ ಮುನ್ನ ಅದರ ಮೂಲ ಯಾವುದೆಂಬುದನ್ನು ವಸ್ತುವಿನಿಂದಲೇ ಕೇಳಿ ತಿಳಿಯಿರಿ. ಸವೆದರೂ ಮೂಲದ್ದಾಗಿರುವುದನ್ನು ಹೊಸದರ ಆಸೆಗೆ ಬಿಸುಡಬೇಡಿರಿ. ಮುಂದಿನವರು ಬಿಚ್ಚಲಾರದಂಥ ಕೆಲಸವನ್ನು ಮಾಡಿಸಬೇಡಿರಿ. ತೆಗೆದದ್ದೆಲ್ಲವನ್ನೂ ಚೀಟಿಯೊಡನೆ ಕಾದಿಡಿರಿ. ಎಲ್ಲಕ್ಕೂ ಮೇಲಾಗಿ, ನಡುವೆ ಬದಲಾಯಿಸಿದವರನ್ನು ಹಳಿಯಬೇಡಿರಿ. ಅವರು ಬಳಸುತ್ತ ಬಂದುದರಿಂದಲೇ ವಸ್ತುವು ಒಲೆಗೆ ಹೋಗದೆ ನಮ್ಮ ಕೈಗೆ ಬಂದಿದೆ.